ಊಟದ ಹೊತ್ತಿನ ಎದುರಾಳಿ

ಬೆಳಗ್ಗಿನಿಂದ ಆ ಅಂಗಡಿಗೆ ಬಂದ ಗಿರಾಕಿ ಅವಳೊಬ್ಬಳೇ. ಅಂಗೈಯಗಲದ ವಿಡಿಯೋ ಗೇಮೊಂದನ್ನು ಗಾಜಿನ ಕೌಂಟರ್ ಮೇಲಿಟ್ಟಳು.

"ಹೋದ ವರ್ಷ ನಿಮ್ಮಲ್ಲೇ ತಗೊಂಡಿದ್ದು. ವಾಪಸ್ ತಗೋತೀರಾ?"

"ಇದಕ್ಕೆ ಮಾರ್ಕೆಟ್ಟೇ ಇಲ್ಲ ಮೇಡಂ. ಹೊಸ ಆಟಾನೂ ಬರ್ತಿಲ್ಲ, ಕಂಪನಿಯವರು ಇವತ್ತೋ ನಾಳೆಯೋ ನಿಲ್ಲಿಸ್ಬಿಡ್ತಾರೆ."

"ಗೊತ್ತು. ಮೊದಲು ಆನ್‌ಲೈನಲ್ಲಿ ತುಂಬಾ ಜನ ಸಿಗೋರು. ಈಗ ಒಬ್ರೇ. ನಾನು ಆಫೀಸಲ್ಲಿ ಊಟದ ಡಬ್ಬಿ ಬಿಚ್ಚೋ ಹೊತ್ತಿಗೆ ಸರಿಯಾಗಿ ಬರ್ತಾರೆ. ಹೆಸರಿಲ್ಲ, ಮಾತಿಲ್ಲ. ದಿನಾ ಸೋತು ಹೋಗ್ತಾರೆ."

"ಗೆದ್ರೆ ಖುಷಿ ಅಲ್ವಾ?"

"ಎಷ್ಟು ದಿನ ಅಂತ ಗೆಲ್ಲೋದು? ಗೋಡೆ ಜೊತೆ ಆಡಿದ ಹಾಗಿರುತ್ತೆ. ಸಾಕಾಯ್ತು."

ಅಂಗಡಿಯವನು ಅದರ ಪರದೆಯನ್ನು ಒರೆಸಿ, ಮೆಲ್ಲಗೆ ಅವಳ ಕಡೆಗೇ ತಳ್ಳಿದ.

"ಇಟ್ಕೊಳ್ಳಿ ಮೇಡಂ. ನಾಳೆಯಿಂದ ನಾನು ಸೋಲಲ್ಲ."