ಮೊದಲ ಚುಚ್ಚುಮದ್ದು

ಊರಿನ ಪ್ರತಿಯೊಬ್ಬರಿಗೂ ಪ್ರಯೋಗಾಲಯದಲ್ಲಿ ಇಲಿಯಂಥ ಒಂದೊಂದು ಹ್ಯಾಮ್‌ಸ್ಟರ್ ಇತ್ತು. ಅದರ ಎದೆಯೊಳಗೆ ಅವರವರ ಜೀವಕೋಶಗಳಿಂದಲೇ ಬೆಳೆಸಿದ ಶ್ವಾಸಕೋಶ. ಯಾರಿಗಾದರೂ ಸೋಂಕು ತಗುಲಿದರೆ ಅದಕ್ಕೂ ತಗುಲಿಸಿ, ಔಷಧವನ್ನು ಮೊದಲು ಅದಕ್ಕೆ ಕೊಟ್ಟು ನೋಡುತ್ತಿದ್ದರು. ಅದು ಬದುಕಿದರೆ ಮರುದಿನ ಮನುಷ್ಯನಿಗೆ.

ಒಪ್ಪಿಗೆ ಬರೆಯುವ ಮುನ್ನ ತನ್ನ ಪ್ರಾಣಿಯ ಉಸಿರನ್ನು ಒಮ್ಮೆ ಕೇಳಬೇಕೆಂಬುದು ನಿಯಮ. ಸಹಾಯಕಿ ಶಾಂಭವಿ ಸ್ಟೆತಸ್ಕೋಪ್ ಕೊಟ್ಟರೆ ಹೆಚ್ಚಿನವರು ಕ್ಷಣಮಾತ್ರ ಕೇಳಿ ಸಹಿ ಹಾಕುತ್ತಿದ್ದರು. ಸೋಂಕು ತಗುಲಿ ಬಂದಿದ್ದ ನಿವೃತ್ತ ಗದಿಗೆಪ್ಪ ಮಾಸ್ತರು ಮಾತ್ರ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ನನ್ನಂಗ ಇದಕ್ಕೂ ಎಡಕ್ಕ ಸೀಟಿ ಹೊಡೀತೈತಲ್ಲ ತಂಗಿ."

"ಎದಿ ನಿಮ್ದ ಅಲ್ಲೇನ್ರಿ ಮಾಸ್ತರ? ಲಗೂ ಬರದು ಕೊಡ್ರಿ. ಈ ಔಷಧ ಭಾಳ ಖಡಕ್ ಐತಿ. ಹತ್ತು ಪ್ರಾಣಿಯೊಳಗ ಮೂರು ಉಳಿಯೂದಿಲ್ಲ, ಮೊದಲ ಇದಕ್ಕ ಕೊಟ್ಟು ನೋಡಬೇಕು."

"ಇದರ ವಯಸ್ಸೆಷ್ಟ?"

"ಎಂಟು ತಿಂಗಳ್ರಿ."

"ನಂದು ಎಪ್ಪತ್ತೆಂಟು ವರ್ಷ." ಮಾಸ್ತರು ನಕ್ಕರು, ನಗು ಕೆಮ್ಮಾಗಿ ಮುಗಿಯಿತು.

ಅವರು ಒಪ್ಪಿಗೆ ಪತ್ರ ತುಂಬಿ ಕೊಟ್ಟು, ಅಂಗಿಯ ತೋಳು ಮಡಚಿಕೊಂಡು ಕುಳಿತರು. ಶಾಂಭವಿ ಓದಿದಳು. 'ರೋಗಿ' ಎಂಬಲ್ಲಿ ಹ್ಯಾಮ್‌ಸ್ಟರ್‌ನ ಸಂಖ್ಯೆಯಿತ್ತು. 'ಮಾದರಿ ಪ್ರಾಣಿ' ಎಂಬಲ್ಲಿ, ಕರಿಹಲಗೆಯ ಮೇಲೆ ಬರೆದು ಪಳಗಿದ ದುಂಡನೆಯ ಅಕ್ಷರಗಳಲ್ಲಿ, ಮಾಸ್ತರ ಹೆಸರಿತ್ತು.