ರೆಪ್ಪೆ ಮಿಟುಕಿಸಿದ ಮೀನು

ಮುಂಬಯಿಯ ಮತ್ಸ್ಯಾಲಯ ನೋಡಬೇಕೆಂದು ಹೊಳೆವ್ವ ಅಂದ ಕೂಡಲೇ, ಅವಳ ಗಂಡ ಮಲಕಾಜಪ್ಪನ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೂ ತಾಟಿಗೂ ನಡುವೆ ನಿಂತುಬಿಟ್ಟಿತು.

“ದೀಪಾವಳಿ ಮುಗದ ಮ್ಯಾಲೆ ಹೋಗೂಣ್ರಿ. ನನ್ನ ತಮ್ಮ ಬೀರಣ್ಣ ಅಲ್ಲೇ ಮಿಲ್ಲಿನ್ಯಾಗ ಅದಾನ.”

“ಕುರಿ ಯಾರ ಕಾಯಬೇಕು?”

“ಓಣ್ಯಾಗಿನ ಹುಡುಗ ಅಮೋಘಿ ಹೂಂ ಅಂದಾನ.”

“ಆ ಮೀನ ಇಷ್ಟೊತ್ತಿಗೆ ಸತ್ತಿರಬೇಕಲೇ.”

“ಅದರ ಮಕ್ಕಳರ ಇರತಾವಲ್ಲ!”

ಆ ಮೀನನ್ನು ಅರಿಯದವರು ತಿಕೋಟಾದ ಆ ಓಣಿಯಲ್ಲಿ ಇರಲಿಲ್ಲ. ಐವತ್ತೈದನೆಯ ಇಸವಿಯಲ್ಲಿ ಕಂಬಳಿ ಮಾರಲು ಮುಂಬಯಿಗೆ ಹೋಗಿಬಂದ ಮಲಕಾಜಪ್ಪ, ಗಾಜಿನಾಚೆಯಿಂದ ಎಮ್ಮೆಗರುವಿನಷ್ಟು ದೊಡ್ಡ ಮೀನೊಂದು ತನ್ನನ್ನೇ ದಿಟ್ಟಿಸಿ ರೆಪ್ಪೆ ಮಿಟುಕಿಸಿತೆಂದು ಕಟ್ಟೆಯ ಮೇಲೆ ಕೂತು ಹೇಳಿದ್ದ. ಅದಾಗಿ ಇಪ್ಪತ್ತು ವರ್ಷ. ಮೀನೂ ಬೆಳೆಯುತ್ತ ಬಂದಿತ್ತು, ಕೇಳುವವರೂ ಬೆಳೆದಿದ್ದರು. ನಿಜಕ್ಕೂ ಅವನು ಕಂಡದ್ದು ಬೀಗ ಬಿದ್ದ ಬಾಗಿಲನ್ನು. ಅಂದು ಮತ್ಸ್ಯಾಲಯಕ್ಕೆ ರಜೆ.

ಅಷ್ಟರಲ್ಲಿ ನೆರೆಮನೆಯ ಬಸಗೊಂಡಪ್ಪ ಗಿಡ್ಡ ಗೋಡೆಯ ಮೇಲಿಂದ ತಲೆ ತೂರಿಸಿದ. “ನಾನೂ ಬರತೇನೋ ಮಲಕಾಜಪ್ಪ! ನೀ ಇದ್ದಮ್ಯಾಲೆ ಯಾರನ್ನೂ ದಾರಿ ಕೇಳೂ ಹಂಗಿಲ್ಲ. ತಡಿ, ಓಣ್ಯಾಗೆಲ್ಲಾ ಹೇಳಿ ಬರತೇನಿ.”

ಅವನು ಹೊರಟದ್ದೇ ಮಲಕಾಜಪ್ಪ ತಾಟು ಸರಿಸಿದ. ಊರೆದುರು ಮಾನ ಕಳೆದುಕೊಳ್ಳುವುದಕ್ಕಿಂತ ಹೆಂಡತಿಯೆದುರು ಕಳೆದುಕೊಳ್ಳುವುದೇ ಹಗುರವೆನಿಸಿತು.

“ನಾ ಒಳಗ ಹೋಗೇ ಇಲ್ಲಲೇ. ಬಾಗಿಲಾ ಹಾಕಿತ್ತು.”

“ಗೊತ್ತೈತ್ರಿ.”

“ಯಾರ ಹೇಳಿದ್ರು?”

“ಮಮದಾಪುರದ ಕೆರಿ ದಂಡಿಮ್ಯಾಗ ಬೆಳದಾಕಿ ನಾ. ಮೀನಿಗೆ ರೆಪ್ಪಿ ಎಲ್ಲಿರತಾವ್ರಿ?”

“ಮತ್ತ ಇಪ್ಪತ್ತ ವರ್ಷ ಸುಮ್ಮನ ಕುಂತೆಲ್ಲ?”

“ಹೇಳೂಮುಂದ ನಿಮ್ಮ ಮಾರಿ ಭಾಳ ಚಂದ ಕಾಣತಿತ್ತು.”

ಹೊಳೆವ್ವ ಗಡಿಗೆಯ ಹಿಂದಿನಿಂದ ಒಂದು ಕಾಗದ ತೆಗೆದು ಅವನ ಕೈಗಿಟ್ಟಳು. ಯಾವ ಠೇಸನ್ನಿನಲ್ಲಿ ಇಳಿಯಬೇಕು, ಎತ್ತ ಹೊರಳಬೇಕು, ಯಾವ ಗಾಜಿನ ಹಿಂದೆ ಎಂಥ ಮೀನಿದೆ ಎಂಬುದನ್ನೆಲ್ಲ ಬೀರಣ್ಣ ಬಿಡಿಸಿ ಬರೆದಿದ್ದ.

“ಸಾಲಿ ಮಾಸ್ತರ ಕಡಿಂದ ಪತ್ರಾ ಹಾಕಸಿ ತರಸೇನಿ. ಬಾಯಿಪಾಠ ಮಾಡ್ರಿ. ಅಲ್ಲಿ ಎಲ್ಲಾರ ಮುಂದ ನೀವ ನಡೀಬೇಕು.”

ಮರುದಿನ ಮುಂಜಾನೆ ಕುರಿಗಳ ಹಿಂದೆ ಕಾಗದ ಹಿಡಿದು ನಡೆದ ಮಲಕಾಜಪ್ಪ, ಕವಲುದಾರಿಯಲ್ಲಿ ಕಣ್ಣು ಮುಚ್ಚಿ ನಿಂತು, “ಚರ್ನಿ ರೋಡಿಗೆ ಇಳಿಯೂದು, ಸಮುದ್ರದ ಕಡೆ ಹೊರಳೂದು” ಎಂದು ಗಟ್ಟಿಯಾಗಿ ಒಪ್ಪಿಸಿದ. ಕುರಿಗಳು ಬಬಲೇಶ್ವರದ ಕಡೆ ಹೊರಳಿದವು.