ಮೆಷಿನ್ ನಿಲ್ಲುವ ತನಕ

ಮೆಷಿನ್ ನಿಂತಿತು.

ಬೀಗದಂಗಡಿಯವ ಸೋಫಾದ ಮೇಲೆ ಎದ್ದು ಕೂತ. ಕಣ್ಣು ಉರಿಯುತ್ತಿತ್ತು. ನಿನ್ನೆ ಬೆಳಿಗ್ಗೆಯಿಂದ ಇದೇ ಪಾಡು: ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ಕಿವಿ ನೆಟ್ಟು ಕಾಯುವುದು. ಹೊಲಿಗೆ ಮೆಷಿನ್ ಓಡುತ್ತಿದ್ದರೆ ಹೆಂಡತಿ ಒಳಗಿದ್ದಾಳೆ. ನಿಂತರೆ ಎದ್ದು ಹೋಗಿ ನೋಡಬೇಕು. ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಕಟಕಟ ಮತ್ತೆ ಶುರುವಾಯಿತು. ದೊಪ್ಪನೆ ಒರಗಿದ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಳು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ತಲೆ ಎತ್ತಲಿಲ್ಲ.

ಒಳಗೆ ನಡೆಯುತ್ತಿದ್ದುದು ಅಮ್ಮನ ಕೌದಿ ಕೂಟ. ತಿಂಗಳಿಗೊಮ್ಮೆ ಶನಿವಾರ, ಭಾನುವಾರ ಬೇರೆ ಬೇರೆ ಊರಿನ ಹೆಂಗಸರು ತಂತಮ್ಮ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು, ಮುಖಕ್ಕಿಂತ ಹೆಚ್ಚಾಗಿ ಕೈ ತೋರಿಸಿಕೊಂಡು, ಹಳೇ ಬಟ್ಟೆ ಕೂಡಿಸಿ ಹೊಲಿಯುತ್ತಾರೆ. ನಡುನಡುವೆ ನಿಲ್ಲಿಸಿ, ಯಾರದು ಎಷ್ಟಾಯಿತು ಎಂದು ಒಬ್ಬರಿಗೊಬ್ಬರು ತೋರಿಸುತ್ತಾರೆ. ಹಿಂದೊಮ್ಮೆ ಇಣುಕಿ ನೋಡಿದ್ದ. ಚಿಂದಿ, ಬೆರಳು, ಮತ್ತೆ ಚಿಂದಿ. ಅದರಲ್ಲೇನು ಸುಖವೋ.

ಈ ಸಲ ಸೊಸೆಯನ್ನೂ ಕೂರಿಸಿಕೊಳ್ಳುತ್ತೇನೆ ಎಂದು ಅಮ್ಮ ಕೇಳಿದಾಗ ಮೊದಲು ಆಗಲ್ಲ ಎಂದಿದ್ದ. ಹೋದ ತಿಂಗಳಷ್ಟೇ ಅವಳು ಬಸ್‌ಸ್ಟ್ಯಾಂಡ್ ಮುಟ್ಟಿದ್ದಳು. ಬಸ್ ಹೊರಡುವ ಮುಂಚೆ ಹೋಗಿ, ರಟ್ಟೆ ಹಿಡಿದು, ನಾಲ್ಕು ಜನರ ಎದುರೇ ಇಳಿಸಿಕೊಂಡು ಬಂದಿದ್ದ. ನಾಲ್ಕು ಜನರೂ ಸುಮ್ಮನೆ ನೋಡಿದ್ದರು. ಅವತ್ತು ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತೆಸೆದಿದ್ದ: ತಟ್ಟೆ, ಲೋಟ, ಮೆಷಿನ್ನಿನ ಬೆಲ್ಟು, ಅವಳ ಫೋನು. ಆಮೇಲೆ ಕಿಟಕಿಗೊಂದು ಬೀಗ, ಮುಂಬಾಗಿಲಿಗೆ ಎರಡು. ತನ್ನದೇ ಅಂಗಡಿಯ ಮಾಲು, ಮನೆಗೇಕೆ ಜಿಪುಣತನ? ಇನ್ನೊಂದು ಸಲ ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತೇನೆ ಎಂದಿದ್ದ. ಹೇಳಿದ್ದನ್ನು ಮಾಡುವ ಪೈಕಿ ಅವನು. ಅರ್ಧ ದಿನದೊಳಗೆ ಗೊತ್ತಾದರೆ ಸಾಕು, ಎಲ್ಲಿದ್ದರೂ ಹೆಕ್ಕಿ ತರುತ್ತೇನೆ ಎಂಬ ಧೈರ್ಯವಿತ್ತು. ಅವಳು ಮಾತ್ರ ಅಂದಿನಿಂದ ಅವನೆದುರು ತುಟಿಪಿಟಕ್ ಎಂದಿರಲಿಲ್ಲ.

"ಎರಡು ದಿನ ಹೊಲೀಲಿ ಬಿಡೋ. ಬಾಗಿಲ ಹತ್ರ ನಾನೇ ಕೂತಿರ್ತೀನಿ," ಎಂದಿದ್ದಳು ಅಮ್ಮ.

ಅಮ್ಮನನ್ನು ನಂಬಬಹುದಿತ್ತು. ಅಪ್ಪನ ಕಾಲದಲ್ಲೂ ಬೀಗದ ಕೈ ಅಪ್ಪನ ಜೇಬಿನಲ್ಲೇ ಇರುತ್ತಿತ್ತು. ಅಮ್ಮ ಒಂದು ದಿನವಾದರೂ ಎಲ್ಲಿಗಾದರೂ ಹೋದಳೇ? ಹೆಂಗಸೆಂದರೆ ಹಾಗಿರಬೇಕು.

ನಿನ್ನೆಯಿಂದ ಮುಂಬಾಗಿಲು ತೆರೆದದ್ದು ಒಂದೇ ಸಲ. ನಿನ್ನೆ ಬೆಳಿಗ್ಗೆಯೇ, ಅವನು ಬಚ್ಚಲಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡು ನಿಂತಿದ್ದಾಗ ಅಮ್ಮ ಬಂದು, ಎರಡು ಚೀಲ ಕೆಳಗಿಳಿಸಬೇಕು, ಬೀಗದ ಕೈ ಕೊಡು ಎಂದಳು. ಕೂಟ ಶುರುವಾದರೆ ಚಿಂದಿಗೇನು ಬರವೇ? ಅವನು ಒಂದು ಗಳಿಗೆ ಕಿವಿಗೊಟ್ಟ. ಒಳಗೆ ಮೆಷಿನ್ ಒಂದೇ ಸಮನೆ ಓಡುತ್ತಿತ್ತು. ಕೊಟ್ಟ. ಗಡ್ಡ ಮುಗಿಯುವಷ್ಟರಲ್ಲಿ ಅಮ್ಮ ಏದುಸಿರು ಬಿಡುತ್ತ ಬಂದು ಬೀಗದ ಕೈ ವಾಪಸ್ ಮಾಡಿದಳು. ಕಣ್ಣು ಕೆಂಪಗಿತ್ತು. ಮೆಟ್ಟಿಲು ಹತ್ತಿ ಸಾಕಾಯಿತು ಎಂದಳು.

ಊಟದ ಹೊತ್ತಿಗೆ ತಟ್ಟೆ ತುಂಬಿಸಿ ಒಳಗೊಯ್ದಳು. ಅವನ ಜೊತೆ ಕೂರಲಿಲ್ಲ, ಹಸಿವಿಲ್ಲವಂತೆ.

"ತಿಂದ್ಲಾ?" ಎಂದು ಆಮೇಲೆ ಕೇಳಿದ್ದ.

"ತಟ್ಟೆ ನೋಡೋ. ಒಂದು ತುತ್ತೂ ಉಳಿದಿಲ್ಲ."

ರಾತ್ರಿ ಅಮ್ಮ ಒಳಕೋಣೆಯಲ್ಲೇ ಮಲಗಿ ಚಿಲಕ ಹಾಕಿಕೊಂಡಳು. ಇವನು ಮುಂಬಾಗಿಲಿಗೆ ಅಡ್ಡಲಾಗಿ ಹಾಸಿಗೆ ಹಾಸಿದ. ಬೆನ್ನು ಹಿಡಿದುಕೊಂಡಿತು, ನಿದ್ದೆ ಹತ್ತಲಿಲ್ಲ. ಕತ್ತಲೆ ಹರಿಯುವ ಮುಂಚೆಯೇ ಕಟಕಟ ಶುರು. ಒಬ್ಬಳನ್ನು ಕಾಯುವುದು ಇಷ್ಟು ಹೈರಾಣು ಮಾಡುತ್ತದೆಂದು ಅವನು ಎಣಿಸಿರಲಿಲ್ಲ. ಕಾಯಿಸಿಕೊಳ್ಳುವವಳ ಸುಸ್ತು ಎಷ್ಟಿರಬಹುದೆಂದು ತಲೆಗೆ ಹೊಳೆಯಲೂ ಇಲ್ಲ.

ಈಗ ಭಾನುವಾರದ ಬಿಸಿಲು ಇಳಿಯುತ್ತಿತ್ತು. ಮೆಷಿನ್ ಸದ್ದು ತಲೆಯೊಳಗೇ ಹೊಲಿಗೆ ಹಾಕುತ್ತಿತ್ತು.

"ಇನ್ನೂ ಎಷ್ಟು ಹೊತ್ತಮ್ಮ? ತಲೆ ಸಿಡೀತಿದೆ."

"ಇನ್ನೇನು, ಮುಗೀತಾ ಬಂತು."

ಸದ್ದು ತಗ್ಗಿತು. ಒಳಗಿನಿಂದ ಯಾರೋ ಹೆಂಗಸಿನ ದಣಿದ ದನಿ: "ಅಕ್ಕಾ, ನಿಮ್ಮ ಸೊಸೆದು ಮುಕ್ಕಾಲು ಭಾಗ ಆಯ್ತು."

"ಆಗಲಿ, ಅವಸರ ಬೇಡ," ಎಂದಳು ಅಮ್ಮ ಕೂತಲ್ಲಿಂದಲೇ.

"ಅದನ್ನ ಅವಳೇ ಹೇಳಬಾರದಾ? ಬಾಯಿಗೇನಾಗಿದೆ?" ಎಂದು ಅವನು ಗೊಣಗಿದ.

"ಏನಾಗಿದೆ ಅಂತ ನಿನಗೇ ಗೊತ್ತಲ್ಲ."

ಅವನು ನೀರಾದರೂ ಕುಡಿಯೋಣವೆಂದು ಸೋಫಾದ ಕೆಳಗೆ ಕೈ ಹಾಕಿ ಚಪ್ಪಲಿಗಾಗಿ ತಡಕಾಡಿದ. ಬೆರಳಿಗೆ ಬೇರೇನೋ ಸಿಕ್ಕಿತು. ಎಳೆದ. ಧೂಳು ಮೆತ್ತಿದ ಉದ್ದನೆಯ ಚರ್ಮದ ಪಟ್ಟಿ, ಹರಿದ ಕಡೆ ತಂತಿಯ ಕೊಂಡಿ ಹಾಗೇ ನೇತಾಡುತ್ತಿತ್ತು.

ಮೆಷಿನ್ನಿನ ಬೆಲ್ಟು.

ಒಳಗೆ ಕಟಕಟ ಮತ್ತೆ ಜೋರಾಯಿತು.

"ಅಮ್ಮ, ಮೆಷಿನ್ನಿಗೆ ಹೊಸ ಬೆಲ್ಟು ಯಾವಾಗ ತಂದೆ?"

"ನಾನೆಲ್ಲಿ ತಂದೆ?"

ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು. ಸೂಜಿಯನ್ನು ಸೆರಗಿಗೆ ಸಿಕ್ಕಿಸಿದಳು. ಕೌದಿ ಮಡಿಸಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದು, ಸ್ಟೂಲನ್ನು ತಾನೇ ಪಕ್ಕಕ್ಕೆ ಸರಿಸಿದಳು.

ಅವನು ಬಾಗಿಲನ್ನು ಒದ್ದ.

ಮೆಷಿನ್ನಿನ ಮೇಲೆ ಹಳೇ ದುಪ್ಪಟಿ ಹೊದಿಸಿತ್ತು. ಅದರ ಮೇಲೆ ಲ್ಯಾಪ್‌ಟಾಪು. ತೆರೆಯ ತುಂಬ ಪುಟ್ಟ ಪುಟ್ಟ ಚೌಕಗಳು, ಚೌಕಕ್ಕೊಬ್ಬಳು ಹೆಂಗಸು, ಎಲ್ಲರೂ ಬೆನ್ನು ಬಗ್ಗಿಸಿ ಮೆಷಿನ್ ತುಳಿಯುತ್ತಿದ್ದರು. ಅವರಲ್ಲಿ ಹಿರಿಯಳು ತಲೆ ಎತ್ತಿ, ಇವನನ್ನು ದಾಟಿ ಹಿಂದೆ ನಿಂತ ಅಮ್ಮನನ್ನು ನೋಡಿದಳು.

"ಅಕ್ಕಾ, ಈಗ ತಾನೇ ಫೋನ್ ಬಂತು, ಅವಳು ಮುಟ್ಟಿದಳಂತೆ. ಇನ್ನು ನಿಲ್ಲಿಸಲಾ? ಎಲ್ಲರ ಕಾಲೂ ಬಿದ್ದೇ ಹೋಗಿವೆ."